ಅಂಗೈ ಎತ್ತಿದ ಮಾಸ್ತರು

ನಿನ್ನೆ ಸಂಜೆ ಮಾಸ್ತರ ಪಾಠ ಮತ್ತೆ ಸುರುವಾಯಿತು. ಹೇಳಿದವಳು ನನ್ನ ಮೊಮ್ಮಗಳು! ಇಳಕಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮಾಸ್ತರು ಕೂಡುತ್ತಿದ್ದ ಅದೇ ಕುರ್ಚಿಯಲ್ಲಿ ಕೂತು, ಕಲಾದಗಿಯ ಮಕ್ಕಳಿಗೆ, ರಾಮಥಾಳದ ಮಕ್ಕಳಿಗೆ, ನಮ್ಮ ಓಣಿಯ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಭಿನ್ನರಾಶಿ ಹೇಳಿದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು, ನನಗೆ ಭಿನ್ನರಾಶಿ ಎಲ್ಲಿ ತಿಳಿಯಬೇಕು? ಆದರೆ ಅವಳ ದನಿ ತಿಳಿಯಿತು. ಸೆರಗನ್ನು ಬಾಯಿಗೆ ಹಿಡಿದುಕೊಂಡೆ. ಅಳು, ನಗು ಎರಡೂ ಕೂಡಿಯೇ ಬಂದವು. ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಮಾಸ್ತರಿಗೆ ಹೇಳಬೇಕಿತ್ತು. ಅವರು ಇಲ್ಲ. ಅದಕ್ಕೇ ಅಕ್ಷರ ಕೂಡಿಸಿಕೊಂಡು ಬರೆಯಲು ಕೂತಿದ್ದೇನೆ.

ಮಾಸ್ತರ ಕೊರಳು ಬಲು ಉದ್ದ, ಕೊಕ್ಕರೆಯದ್ದರಂತೆ. ಆ ಕೊರಳಿಗೆ ಕರಿಯ ಹೆಡ್‌ಫೋನೊಂದು ಸದಾ ಜೋತುಬಿದ್ದಿರುತ್ತಿತ್ತು, ಎತ್ತಿನ ಮೇಲೆ ನೊಗ ಇಟ್ಟ ಹಾಗೆ. ಅದರ ಒಂದು ಬದಿ ಮುರಿದಿತ್ತು. ನಮ್ಮ ಮನೆಯ ಕೆಂಪು ರೇಷ್ಮೆ ಎಳೆಯನ್ನೇ ಸುತ್ತಿ ಸುತ್ತಿ ಬಿಗಿ ಮಾಡಿಕೊಂಡಿದ್ದರು. ಬಾದಾಮಿ ಕಡೆಯ ಒಕ್ಕಲುತನದ ಮನೆಯವರು. ಇಲ್ಲಿ ಸಾಲಿಯಲ್ಲಿ ಗಣಿತ ಹೇಳುತ್ತ ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಹಿಂದಿನ ಕೋಣೆಯಲ್ಲಿ ನಮ್ಮ ಪಾವರ್‌ಲೂಮು ನಡೆಯುತ್ತಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಅದೊಂದು ಲೆಕ್ಕ ನನಗ ಬಿಡಸಾಕ ಬರಲಿಲ್ಲ ಆಯಿ" ಎನ್ನುತ್ತಿದ್ದರು. ಓಣಿಯವರಂತೆ ಅವರೂ ನನ್ನನ್ನು ಆಯಿ ಎಂದೇ ಕರೆಯುತ್ತಿದ್ದರು.

ದೊಡ್ಡ ರೋಗ ಬಂದು ಸಾಲಿಗಳಿಗೆ ಕೀಲಿ ಬಿದ್ದಾಗ ಮಾಸ್ತರು ಫೋನಿನಲ್ಲಿ ಪಾಠ ಹೇಳಲು ಹೊರಟರು. ಎಲ್ಲರೂ ಬಳಸುವ ಯಾವುದೋ ಆ್ಯಪ್ ಹಿಡಿದು ನೋಡಿದರು. ಅದರಲ್ಲಿ ಮಾಸ್ತರು ಮಾತಾಡುವುದು, ಮಕ್ಕಳು ಟೀವಿ ನೋಡಿದ ಹಾಗೆ ನೋಡುವುದು, ಅಷ್ಟೇ. ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಮಾಸ್ತರು ಮುಂದಿನ ಲೆಕ್ಕದಲ್ಲಿ ಇರುತ್ತಿದ್ದರು. ನಡುನಡುವೆ ಚಿತ್ರ ಕಲ್ಲಾಗಿ ನಿಂತುಬಿಡುತ್ತಿತ್ತು.

"ಇದು ಪಾಠ ಅಲ್ಲ ಆಯಿ. ಬಾವ್ಯಾಗ ಬಗ್ಗಿ ಒದರಿದಂಗ. ನನ್ನ ದನಿನ ನನಗ ತಿರುಗಿ ಬರತೈತಿ" ಎಂದರು. ಆಮೇಲೆ ತಾವೇ ಒಂದನ್ನು ಕಟ್ಟಲು ಕೂತರು.

ಕಟ್ಟುವುದೆಂದರೆ ಅದಕ್ಕೆ ಕಲ್ಲಿಲ್ಲ, ಮಣ್ಣಿಲ್ಲ. ಕಂಪ್ಯೂಟರಿನ ಮುಂದೆ ಕೂತು ಟಕಟಕ ಒತ್ತುವುದು, ಅಳಿಸುವುದು, ಹಣೆ ಹಿಡಿದುಕೊಂಡು ಗೋಡೆ ನೋಡುವುದು. ಚಹಾ ಕೊಟ್ಟರೆ ಕೆನೆ ಕಟ್ಟಿ ಆರುತ್ತಿತ್ತು. ಬಿಸಿ ರೊಟ್ಟಿ ಕೊಟ್ಟರೆ ತಾಟಿನಲ್ಲೇ ಸೆಟೆದುಕೊಳ್ಳುತ್ತಿತ್ತು. ನಮ್ಮ ಯಜಮಾನರು ಸುಮ್ಮನಿರುವವರಲ್ಲ. "ಏನ್ರಿ ಮಾಸ್ತರ, ನಾ ಸೀರಿ ಮ್ಯಾಲ ಸೀರಿ ಇಳಸಾಕ ಹತ್ತೇನಿ, ನಿಮ್ಮ ಮಗ್ಗದಾಗಿಂದ ಒಂದೂ ಇಳೀವಲ್ಲದಲ್ಲ?" ಎಂದು ಕಾಡುತ್ತಿದ್ದರು. ಮಾಸ್ತರು ನಕ್ಕು, ತಮ್ಮ ನೂಲು ಕಣ್ಣಿಗೆ ಕಾಣುವಂಥದ್ದಲ್ಲ ಎನ್ನುತ್ತಿದ್ದರು. ನನಗೆ ತಿಳಿದಷ್ಟು ಇಷ್ಟು: ಚಿತ್ರ ಮಂಕಾದರೂ ಸರಿ, ಮಾತು ತುಂಡಾಗಬಾರದು, ಹಳ್ಳಿಯ ಸಣ್ಣ ಫೋನಿನಲ್ಲೂ ನಡೆಯಬೇಕು, ಮಗು ಏನು ಹೇಳಿದರೂ ಆ ಗಳಿಗೆಗೇ ಮಾಸ್ತರಿಗೆ ಮುಟ್ಟಬೇಕು.

ಕಟ್ಟಿದ ಮೇಲೆ ಮೊದಲ ಸಲ ನಮ್ಮ ಓಣಿಯ ಮಕ್ಕಳಿಗೇ ಪಾಠ. ಎಲ್ಲ ನೇಕಾರರ ಮಕ್ಕಳು, ತಮ್ಮ ತಮ್ಮ ಮನೆಯಲ್ಲಿ ಫೋನು ಹಿಡಿದು ಕೂತಿದ್ದರು. ಪಾಠ ಸ್ವಲ್ಪ ನಡೆಯಿತೋ ಇಲ್ಲವೋ, ಒಂದು ಮಗು ಅಂಗೈ ಎತ್ತಿ ತೋರಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಪಾಪ, ಮಕ್ಕಳಿಗೆ ಸಾಕಾಗಿದೆ, ಟಾಟಾ ಮಾಡುತ್ತಿವೆ ಎಂದು ಮಾಸ್ತರು ತಿಳಿದರು. ತಾವೂ ಕೈ ಬೀಸಿ ಪಾಠ ಮುಚ್ಚಿ, ಮೋರೆ ಸಣ್ಣದು ಮಾಡಿಕೊಂಡು ಹೊರಗೆ ಬಂದರು. ಆದದ್ದನ್ನು ಅವರ ಬಾಯಿಂದ ಕೇಳಿ ಯಜಮಾನರು ಮಗ್ಗ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ರಿ ಮಾಸ್ತರ, ಅವು ಹೋಗ್ತೇವಿ ಅಂದಿಲ್ಲ. ಎಳಿ ಹರದೈತಿ, ನಿಂದರ್ರಿ ಅಂದಾವು."

ನಮ್ಮ ಮನೆಗಳಲ್ಲಿ ಹಾಗೆಯೇ. ಮಗ್ಗದ ಸಪ್ಪಳದಲ್ಲಿ ಕೂಗಿದರೆ ಕೇಳುವುದಿಲ್ಲ. ಎಳೆ ಹರಿದರೆ ಅಂಗೈ ಎತ್ತುತ್ತೇವೆ. ಹತ್ತಿರ ಇದ್ದವರು ಬಂದು ಗಂಟು ಹಾಕುತ್ತಾರೆ. ಅದು ಯಾರ ಮಗ್ಗ ಎಂದು ಕೇಳುವುದಿಲ್ಲ. ತೊಟ್ಟಿಲಿನಿಂದ ನೋಡಿದ ಮಕ್ಕಳು, ಪಾಠ ತಿಳಿಯದಾಗಲೂ ಅದನ್ನೇ ಮಾಡಿದ್ದವು. ಮಾಸ್ತರು ತಮ್ಮ ಹಣೆಗೆ ತಾವೇ ಬಡಿದುಕೊಂಡು ನಕ್ಕರು. ಆಮೇಲೆ ಬಹಳ ಹೊತ್ತು ನಮ್ಮ ಮಗ್ಗದ ಮುಂದೆ ನಿಂತಿದ್ದರು.

ಮುಂದಿನ ಪಾಠದ ಹೊತ್ತಿಗೆ ಅವರು ಕಟ್ಟಿದ್ದರೊಳಗೆ ಅಂಗೈ ಗುರುತೊಂದು ಬಂದಿತ್ತು. ಮಗು ಅದನ್ನು ಒತ್ತಿದರೆ ಮಾಸ್ತರ ಮುಂದೆ ಆ ಮಗುವಿನ ಮುಖದ ಸುತ್ತ ಕೆಂಪು ಅಂಚು ಮೂಡುತ್ತಿತ್ತು, ನಮ್ಮ ಸೀರೆಯ ದಡಿಯ ಹಾಗೆ. ಮಾಸ್ತರು ಬಾಯಿಗೆ ಬಂದ ಮಾತನ್ನು ಅಲ್ಲೇ ಬಿಟ್ಟು, "ಎಲ್ಲಿ ಹರೀತು, ಹೇಳು" ಎನ್ನುತ್ತಿದ್ದರು. ಅಲ್ಲಿಂದಲೇ ಮತ್ತೆ ಹೇಳುತ್ತಿದ್ದರು. ಬೇಸರ ಎಂಬುದನ್ನು ನಾನು ಅವರ ಮುಖದಲ್ಲಿ ಕಾಣಲಿಲ್ಲ.

ಆಗ ನನ್ನ ಮೊಮ್ಮಗಳು ಎಂಟನೇ ಇಯತ್ತೆ. ತೊದಲುತ್ತಿದ್ದಳು. ಸಾಲಿಯ ಹುಡುಗರು ಅಣಕಿಸಿ ಅಣಕಿಸಿ ಅವಳ ಬಾಯಿ ಮುಚ್ಚಿಸಿದ್ದರು. ಮನೆಯಲ್ಲೂ ಹೂಂ, ಊಹೂಂ, ಅಷ್ಟೇ. ಮಾಸ್ತರು ಅವಳನ್ನು ಬದಿಗೆ ಕೂಡಿಸಿಕೊಂಡು, ಯಾರ ಅಂಗೈ ಎದ್ದಿದೆ ಎಂದು ಬೆರಳಿನಿಂದ ತೋರಿಸುವ ಕೆಲಸ ಕೊಟ್ಟರು. ಮಾತು ಬೇಡ. ಬರುಬರುತ್ತ ಸುತ್ತಿನ ಹಳ್ಳಿಗಳ ಮಕ್ಕಳೂ ಬಂದು ಕೂಡಿಕೊಂಡರು. ಸಾಲಿಗಳು ತೆರೆದರೂ ಅವರು ಸಂಜೆಯ ಪಾಠ ಬಿಡಲಿಲ್ಲ. ಇವಳೂ ಬಿಡಲಿಲ್ಲ. ಕಾಲೇಜಿಗೆ ಹೋಗತೊಡಗಿದ ಮೇಲೂ ಸಂಜೆಯಾದರೆ ಅವರ ಬದಿಯ ಮಣೆಯ ಮೇಲೆ ಬಂದು ಕೂಡುತ್ತಿದ್ದಳು.

ಹೋದ ಚಳಿಗಾಲಕ್ಕೆ ಮಾಸ್ತರ ದನಿ ಒಡೆಯಿತು. ನೆಗಡಿ ಎಂದರು. ನೆಗಡಿ ಹೋಗಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಗಂಟಲೊಳಗೆ ಗಡ್ಡೆ ಎಂದು ಹೇಳಿದರು. ಮಾತಾಡಬಾರದು ಎಂದೂ ಹೇಳಿದರು. ಆ ಉದ್ದನೆಯ ಕೊರಳು ದಿನದಿನಕ್ಕೆ ಬಾಡಿ ಹಗ್ಗದಂತಾಯಿತು. ರೊಟ್ಟಿ ನುಂಗಲಾಗದೆ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದೆ. ಇವತ್ತೊಂದು ದಿನ ಸುಮ್ಮನಿರಿ ಎಂದು ಬೈದರೆ ಪಿಸುದನಿಯಲ್ಲಿ ಹೇಳಿದರು:

"ಮಕ್ಕಳು ಬಂದು ಕದ ಮುಚ್ಚಿದ್ದು ಕಂಡ್ರ ಹೊಳ್ಳಿ ಬರಂಗಿಲ್ಲ ಆಯಿ. ನಾ ಹೋದ್ರ ಹೋಗ್ಲಿ. ಇದು ಮುಚ್ಚಬಾರದು."

ಅವರ ಕಡೆಯ ಪಾಠವನ್ನು ನಾನು ಕಣ್ಣಾರೆ ಕಂಡೆ. ಲೆಕ್ಕದ ನಡುವೆ ದನಿ ನಿಂತಿತು. ತುಟಿ ಆಡುತ್ತಿದ್ದವು, ಕೊರಳ ನರ ಉಬ್ಬಿದ್ದವು, ಮಾತು ಹೊರಡಲಿಲ್ಲ. ಅಷ್ಟೂ ಮಕ್ಕಳು ಅವರನ್ನೇ ನೋಡುತ್ತಿದ್ದರು. ಮಾಸ್ತರು ನಿಧಾನವಾಗಿ ತಮ್ಮ ಅಂಗೈ ಎತ್ತಿ ಮಕ್ಕಳಿಗೆ ತೋರಿಸಿದರು.

ಒಂದು ಮಗುವೂ ಟಾಟಾ ಮಾಡಲಿಲ್ಲ. ನಗಲೂ ಇಲ್ಲ. ಮೊಮ್ಮಗಳು ತಿರುಗಿ ನನ್ನನ್ನು ನೋಡಿದಳು. ಆಗ ಅವಳೇ ಮೈಕನ್ನು ತನ್ನ ಕಡೆ ಎಳೆದುಕೊಂಡಳು. "ಅ... ಅಂದ್ರ, ಮ್ಯಾಲಿಂದು ಮೂರು" ಎಂದಳು. ತಡವರಿಸಿದಳು, ನಿಂತಳು, ಮತ್ತೆ ಹೇಳಿದಳು. ಹಾಗೆಯೇ ತೊದಲುತ್ತ ಆ ಲೆಕ್ಕ ಮುಗಿಸಿದಳು. ಮಾಸ್ತರು ತಮ್ಮ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡಿದ್ದರು. ಅವರ ಕಣ್ಣು ತುಂಬಿದ್ದು ನೋವಿಗೋ ಬೇರೆಯದಕ್ಕೋ, ನಾನು ಕೇಳಲಿಲ್ಲ.

ಮಳೆಗಾಲ ಬರುವಷ್ಟರಲ್ಲಿ ಅವರು ಹೋದರು. ಅವರ ಅಣ್ಣ ಬಂದು ಊರಿಗೆ ಒಯ್ದರು. ಕಂಪ್ಯೂಟರನ್ನೂ ಆ ಹೆಡ್‌ಫೋನನ್ನೂ, ಮಾಸ್ತರು ಹೇಳಿಹೋದ ಪ್ರಕಾರ, ಮೊಮ್ಮಗಳಿಗೇ ಬಿಟ್ಟು ಹೋದರು. ಆದರೆ ಅವಳು ಆ ಕೋಣೆಯ ಕದ ತೆಗೆಯಲಿಲ್ಲ. "ಅವರ ಕುರ್ಚ್ಯಾಗ ನಾ ಹೆಂಗ ಕೂಡ್ಲಿ ಆಯಿ?" ಎಂದು ಅತ್ತಳು. ಪಾಠ ನಿಂತಿತು. ನಾನು ದಿನಾ ಕಸ ಹೊಡೆದು, ಕಂಪ್ಯೂಟರಿನ ಧೂಳು ಒರೆಸಿ, ಮತ್ತೆ ಕದ ಹಾಕುತ್ತಿದ್ದೆ. ಯಾರಿಲ್ಲದ ಕೋಣೆಯಲ್ಲಿ ಮಗ್ಗದ ಸಪ್ಪಳ ಇನ್ನೂ ಜೋರಾಗಿ ಕೇಳುತ್ತಿತ್ತು.

ಮೊನ್ನೆ ಅವಳೇ ಒಳಗೆ ಹೋದಳು. ನಡೆಸಲಾಗದ ಮೇಲೆ ಒಮ್ಮೆಗೇ ಮುಚ್ಚಿಬಿಡುವುದು ಒಳ್ಳೆಯದು ಎಂದಳು. ಕಂಪ್ಯೂಟರ್ ಹಚ್ಚಿದರೆ, ಪಾಠದ ಹೊತ್ತಿಗೆ ಸರಿಯಾಗಿ, ಖಾಲಿ ಪಾಠದೊಳಗೆ ಒಂದೇ ಒಂದು ಕೆಂಪು ಅಂಚು. ರಾಮಥಾಳದ ಒಂದು ಪುಟ್ಟ ಹುಡುಗಿ ಅಂಗೈ ಒತ್ತಿ ಕಾಯುತ್ತ ಕೂತಿದ್ದಳು. ದಿನಾ ಹಾಗೆಯೇ ಕೂಡುತ್ತಿದ್ದಳಂತೆ. ಮೊಮ್ಮಗಳು ನನ್ನ ಕಡೆ ತಿರುಗಿ, "ಗಂಟು ಹಾಕಾಕ ನಾನ ಹತ್ರ ಇದ್ದೇನಲ್ಲ ಆಯಿ" ಎಂದಳು. ಕೆಂಪು ಎಳೆ ಸುತ್ತಿದ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡಳು.

ನಿನ್ನೆ ಪಾಠ ಮುಗಿದ ಮೇಲೆ ನಾನು ಸಿಹಿಗೆಂದು ಮಾದಲಿ ಮಾಡಿದೆ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಮಗ ಬೇಗನೆ ಮಗ್ಗ ನಿಲ್ಲಿಸಿದ. ಯಜಮಾನರು, ಮಗ, ಸೊಸೆ, ಮೊಮ್ಮಗಳು, ನಾನು ಸುತ್ತ ಕೂತೆವು. ಮೊದಲ ತುತ್ತಿಗೇ ಅವಳ ಫೋನು ಕುಂಯ್ ಎಂದಿತು. ಅದೇ ರಾಮಥಾಳದ ಹುಡುಗಿ, ಅದೇ ಕೆಂಪು ಅಂಚು. ಅವಳು ಫೋನನ್ನು ತಂಬಿಗೆಗೆ ಆನಿಸಿ ನಿಲ್ಲಿಸಿ, "ಎ... ಎಲ್ಲಿ ಹರೀತು, ಹೇಳು" ಎಂದಳು.

ಯಜಮಾನರು ಕಟಕ ರೊಟ್ಟಿ ಮುರಿಯಲು ಹೋದವರು ಅಲ್ಲೇ ಕೈ ತಡೆದು, ಸಪ್ಪಳವಾಗದಂತೆ ಅದನ್ನು ಬೇಳೆಯಲ್ಲಿ ಅದ್ದಿದರು. ನಾವೆಲ್ಲ ಮಾತಿಲ್ಲದೆ ಉಂಡೆವು. ಅವಳ ತಾಟಿನ ರೊಟ್ಟಿ ಸೆಟೆದುಕೊಳ್ಳುತ್ತಿತ್ತು. ನಾನು ಅದನ್ನು ತೆಗೆದು ಇನ್ನೊಂದು ಬಿಸಿಯದನ್ನು ಇಟ್ಟೆ.