ಪಂಗ್ತಿಯ ಮುಂದೆ ನಿಂತವರು

ಕಮಲಾಪುರದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಮೇಡಮ್ ಯಾವ ಪಾಠವನ್ನಾದರೂ ಮದುವೆಯ ಊಟಕ್ಕೆ ತಂದು ನಿಲ್ಲಿಸುತ್ತಿದ್ದರು. ಪ್ರೋಟೀನ್ ತಯಾರಿಸದ ಉದ್ದನೆಯ ಆರ್‌ಎನ್‌ಎಗಳ ಬಗ್ಗೆ ಹೇಳುವಾಗಲೂ ಹಾಗೆಯೇ.

"ಪಂಗ್ತಿ ಮುಂದ ನಿಂತ ಹಿರ್ಯಾರು ಅಡಗಿ ಮಾಡಂಗಿಲ್ಲ, ಬಡಸಂಗಿಲ್ಲ. ಆದ್ರ ಮುಂದಿನ ಪಂಗ್ತಿ ಯಾವಾಗ ಕೂಡಬೇಕಂತ ಅವರೇ ಹೇಳ್ತಾರ. ಜೀವಕೋಶ ಎರಡಾಗೋ ಮುಂದ ಈ ಆರ್‌ಎನ್‌ಎ ಅಂಥ ಹಿರ್ಯಾರು. ಅವರು ದಾರಿ ತಪ್ಪಿದ್ರ ಪಂಗ್ತಿ ಮ್ಯಾಲ ಪಂಗ್ತಿ ಕೂಡ್ತದ. ಕ್ಯಾನ್ಸರ್ ಹಿಂಗೂ ಸುರು ಆಗ್ತದ."

ಮುಂದೆ ಮೇಡಮ್ ಅವರ ಎದೆಯಲ್ಲೇ ಗಂಟೊಂದು ಕಾಣಿಸಿತು. ತಪಾಸಣೆಯ ಫಲಿತಾಂಶ ಕೇಳಲು ಕಲಬುರಗಿಗೆ ನಾನೇ ಜೊತೆಗೆ ಹೋದೆ.

"ಸಾದಾ ಗಂಟು ರೀ, ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರು.

ಮೇಡಮ್ ದೊಡ್ಡದಾಗಿ ಉಸಿರು ಬಿಟ್ಟು ನನ್ನತ್ತ ತಿರುಗಿದರು.

"ನಮ್ಮ ಹಿರ್ಯಾರು ಇನ್ನಾ ಎಚ್ಚರ ಅದಾರ. ನಡಿಯವ್ವ, ಉಣ್ಣಾಮು."