ಶೆಟಗೆವ್ವನ ಮುಂದಿಟ್ಟ ನನ್ನ ಪುಸ್ತಕ

ಮಗಳು ಹುಟ್ಟಿದ ಐದನೇ ದಿನ ಸಂಜೆ ಅವ್ವ ನನ್ನ ದಿಂಬಿನ ಕೆಳಗಿದ್ದ ಕಾದಂಬರಿಯನ್ನು ಎಳೆದುಕೊಂಡು ಹೋಗಿ ಶೆಟಗೆವ್ವನ ಮುಂದೆ ಇಟ್ಟಳು.

ನಮ್ಮ ಕಡೆ ಐದನೇ ದಿನ ಶೆಟಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಅವಳಿಗೆಂದು ಒಂದು ಖಾಲಿ ನೋಟ್‌ಬುಕ್ಕು, ಒಂದು ಪೆನ್ನು ಇಡಬೇಕು. ಕುಷ್ಟಗಿಗೆ ಹೋಗಿದ್ದ ಅಪ್ಪ ಬೆಲ್ಲ, ಕೊಬ್ಬರಿ, ಬಾಣಂತಿಗೆ ಕೊಡುವ ಅಳವಿ ಕಾಳು ಎಲ್ಲ ತಂದಿದ್ದ, ನೋಟ್‌ಬುಕ್ ಮರೆತಿದ್ದ. ಮನೆಯಲ್ಲಿ ಹಾಳೆ ಅಂತ ಇದ್ದದ್ದು ನನ್ನ ಪುಸ್ತಕ ಒಂದೇ.

“ಅದ್ರಾಗ ಬರಿಯಾಕ ಜಾಗ ಎಲ್ಲೈತಿ ಬೇ? ಎಲ್ಲಾ ಹಾಳಿ ತುಂಬ್ಯಾವ” ಅಂದೆ.

ಕೂಸನ್ನು ನೋಡಲು ಯಲಬುರ್ಗಾದಿಂದ ಬಂದು ಉಳಿದಿದ್ದ ಅತ್ತೆ, ನನ್ನ ಗಂಡನ ಅವ್ವ, ನಕ್ಕಳು. “ದೇವಿ ಸಾಲಿನ ನಡುವ ಬರೀತಾಳ ತಗೋ. ನಿನ್ನಂಗ ಒಂಬತ್ತನೇತ್ತಕ್ಕ ಸಾಲಿ ಬಿಟ್ಟಾಕೇನ ಆಕಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಸುಳ್ಳೇನಲ್ಲ.

ನನ್ನನ್ನು ಯಾರೂ ಸಾಲೆ ಬಿಡಿಸಲಿಲ್ಲ, ನಾನೇ ಬಿಟ್ಟೆ. ಒಂದು ಕಡೆ ಕೂರುವ ಜೀವವಲ್ಲ ನನ್ನದು. ಓದುವ ಹುಚ್ಚು ಹತ್ತಿದ್ದು ಆಮೇಲೆ, ಸಾಣಾಪುರದ ಒಂದು ಹೋಮ್‌ಸ್ಟೇಯಲ್ಲಿ ರೂಮ್ ಕ್ಲೀನ್ ಮಾಡುವಾಗ. ಟೂರಿಸ್ಟುಗಳು ಬಿಟ್ಟು ಹೋದ ಪುಸ್ತಕಗಳಲ್ಲಿ ಕನ್ನಡದ್ದು ಸಿಕ್ಕರೆ ಎತ್ತಿಟ್ಟುಕೊಳ್ಳುತ್ತಿದ್ದೆ. ಓದುವಾಗ ಮಾತ್ರ ನಾನು ಕೂತಲ್ಲಿ ಕೂರುತ್ತೇನೆ.

ಈ ಕಾದಂಬರಿ ಗಂಡ ಕೊಡಿಸಿದ್ದು. ಅವನಿಗೆ ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಕೆಲಸ. ಬಾಣಂತನಕ್ಕೆ ತವರಿಗೆ ಕಳಿಸುವಾಗ, ಹೊತ್ತು ಹೋಗಲಿ ಅಂತ ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ತೆಗೆಸಿಕೊಟ್ಟಿದ್ದ. ಹೆರಿಗೆ ನೋವು ಶುರುವಾದಾಗ ಕೊನೆಯ ನಲವತ್ತು ಪುಟ ಉಳಿದಿದ್ದವು.

ಬಾಣಂತಿ ಓದಿದರೆ ಕಣ್ಣು ಹೋಗುತ್ತವೆ ಅನ್ನುತ್ತಾಳೆ ಅವ್ವ. ಫೋನ್ ನೋಡಬಹುದು. ದಿನಕ್ಕೆ ಹತ್ತು ಮಂದಿಗೆ ವಿಡಿಯೋ ಕಾಲಿನಲ್ಲಿ ಕೂಸಿನ ಮುಖ ತೋರಿಸಬೇಕಲ್ಲ… ಅದಕ್ಕೆ ಕಣ್ಣು ಹೋಗುವುದಿಲ್ಲ.

ಪೂಜೆ ಮುಗಿದ ಮೇಲೆ ಪುಸ್ತಕ ಕೇಳಿದೆ. ಅಷ್ಟರಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿಕಾಳು ಹಾಕಿ, ಗೋಡೆಯ ಮೇಲಿನ ಹಲಗೆಗೆ ಏರಿಸಿಯಾಗಿತ್ತು.

“ಶೆಟಗೆವ್ವ ಬರದದ್ದು ತೆರದು ನೋಡಬಾರದವಾ. ಕೂಸಿಗೆ ಕೇಡು” ಅಂದಳು ಅತ್ತೆ.

ಬಾಣಂತಿ ಕೋಣೆ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಿಟಕಿ ಬಂದ್. ಮಲಗುವ ಹೊರಸಿನ ಕೆಳಗೆ ಕೆಂಡದ ಬೋಗುಣಿ. ನನ್ನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ಕೂಸಿನ ತಲೆಗೆ ಕುಲಾಯಿ, ಮೈಗೆ ಮೂರು ಸುತ್ತು ಬಟ್ಟೆ, ಮೇಲೆ ಕೌದಿ. ಇದು ಸುಡು ಬೇಸಿಗೆಯಲ್ಲಿ.

ಹನ್ನೆರಡನೇ ದಿನ ಮಧ್ಯಾಹ್ನ. ಅವ್ವ ಬಟ್ಟೆ ಒಗೆಯಲು ಹೋಗಿದ್ದಳು, ಅತ್ತೆ ಪಡಸಾಲೆಯಲ್ಲಿ ನಿದ್ದೆ ಹೋಗಿದ್ದಳು. ನಾನು ಸ್ಟೂಲ್ ಹತ್ತಿ ಪುಸ್ತಕ ಇಳಿಸಿಕೊಂಡೆ.

ತೆರೆದ ಕೂಡಲೇ ಅಕ್ಕಿಕಾಳು ಉದುರಿದವು. ಸಾಲುಗಳ ನಡುವೆಯೂ ನೋಡಿದೆ, ಯಾರೂ ಏನೂ ಬರೆದಿರಲಿಲ್ಲ.

ಕೂಸು ಒಮ್ಮೆ ಕುಂಯ್ ಅಂತು. ಈ ಪುಟ ಮುಗಿಸಿ ಎತ್ತಿಕೊಂಡರಾಯಿತು ಅಂದುಕೊಂಡೆ. ಮುಗಿಸಿದ್ದು ಮೂರು ಪುಟ. ಸುಳ್ಳು ಹೇಳುವುದಿಲ್ಲ… ಆ ಮೂರು ಪುಟದ ಹೊತ್ತು ನನಗೆ ಮಗಳೇ ಇರಲಿಲ್ಲ.

ಎತ್ತಿಕೊಳ್ಳುತ್ತೇನೆ, ಮೈ ಸುಡುತ್ತಿದೆ. ಮೊಲೆಗೆ ಬಾಯಿ ಹಚ್ಚುತ್ತಿಲ್ಲ.

ನಾನು ಚೀರುತ್ತೇನೆ. ಅತ್ತೆ ಎದ್ದು ಓಡಿ ಬರುತ್ತಾಳೆ. ಅವಳು ಮೊದಲು ನೋಡುವುದು ಕೂಸನ್ನಲ್ಲ, ಹೊರಸಿನ ಮೇಲೆ ತೆರೆದು ಬಿದ್ದ ಪುಸ್ತಕವನ್ನು.

“ತೆರದೇ ಬಿಟ್ಟೇನ? ನೀ ಹಡದಾಕಿ ಅದೀಯೋ, ವೈರಿ ಅದೀಯೋ?”

ಕುಷ್ಟಗಿಗೆ ಹೋಗುವ ಆಟೋದಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ. ಶೆಟಗೆವ್ವಾ, ಇನ್ನು ಪುಸ್ತಕ ಮುಟ್ಟುವುದಿಲ್ಲ, ಇದನ್ನೊಂದು ಉಳಿಸು. ಗುಡಿ ಮುಂದೆ ನಿಂತರೂ ಕೈ ಮುಗಿಯದ ನಾನು ಬೇಡಿಕೊಂಡದ್ದು ಹೀಗೆ. ಆ ಹೊತ್ತಿಗೆ ನಾನು ಪೂರ್ತಿ ನಂಬಿದ್ದೆ.

ಡಾಕ್ಟರ್ ಕೂಸಿನ ಮೈಮೇಲಿನ ಬಟ್ಟೆ ಒಂದೊಂದಾಗಿ ಬಿಚ್ಚಿದರು.

“ಕೆಂಡ ಇಟ್ಟೀರೇನ್ರಿ ಕೋಣ್ಯಾಗ?”

ಅವ್ವ ಹೂಂ ಅಂದಳು.

“ಬ್ಯಾಸಿಗ್ಯಾಗ ಕೂಸಿನ್ನ ಬೇಯಿಸಾಕ ಹತ್ತೀರಿ ನೀವು. ಕೆಂಡ ತಗೀರಿ, ಕಿಟಕಿ ತೆರೀರಿ. ತೆಳ್ಳನ ಅಂಗಿ ಒಂದ ಸಾಕು.”

ರಕ್ತ ಪರೀಕ್ಷೆ ಮಾಡಿಸಿ ಒಂದು ದಿನ ಇಟ್ಟುಕೊಂಡರು. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಮರುದಿನ ಮಗಳು ಗಟಗಟ ಹಾಲು ಕುಡಿದಳು.

ಮನೆಗೆ ಬಂದ ಮೇಲೆ ಕೆಂಡದ ಬೋಗುಣಿ ಮಾಯವಾಯಿತು. ಕಿಟಕಿ ತೆರೆಯಿತು. ಆ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಆಡಿದ್ದೆಲ್ಲ ಪುಸ್ತಕದ ಮಾತು. ಕೂಸನ್ನು ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಅತ್ತೆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಊರ ಹೊರಗಿನ ಹಳೆಯ ಬಾವಿಗೆ ಬಿಟ್ಟು ಬಂದಳು. ಅವ್ವ ಬಾಗಿಲಲ್ಲಿ ನಿಂತು ಅವಳ ಕಾಲಿಗೆ ನೀರು ಕೊಟ್ಟಳು.

ಗಂಡನಿಗೆ ವಿಡಿಯೋ ಕಾಲ್ ಮಾಡಿದೆ. ಶಿಫ್ಟಿನ ನಡುವೆ ಚಹಾ ಕುಡಿಯುತ್ತಿದ್ದ. “ಡಾಕ್ಟರ್ ಏನಂದ್ರು ಅಂತ ನಿಮ್ಮವ್ವಗ ನೀವಾದ್ರೂ ಹೇಳ್ರಿ” ಅಂದೆ.

“ಕೂಸು ಆರಾಮ ಐತಲ್ಲ, ಬಿಡು ಇನ್ನ. ಒಂದು ಬುಕ್ಕಿನ ಸಲುವಾಗಿ ಹಿರ್ಯಾರ ಕೂಡ ಜಗಳಾ ಯಾಕ? ಫೋನ್ ಕೂಸಿನ ಕಡೆ ಹಿಡಿ, ಮುಖಾ ನೋಡ್ತೀನಿ.”

ಹಿಡಿದೆ.

ಈಗ ಮಗಳಿಗೆ ನಾಲ್ಕು ತಿಂಗಳು. ಗಿಣಿಗೇರಾಕ್ಕೆ ಬಂದಿದ್ದೇವೆ. ಇಲ್ಲಿ ಕೆಂಡವಿಲ್ಲ, ಅತ್ತೆಯಿಲ್ಲ, ಓದಬೇಡ ಅನ್ನುವವರೂ ಇಲ್ಲ. ಬಾಜು ಮನೆಯವಳು ತನ್ನ ಹತ್ತಿರವಿದ್ದ ಒಂದು ಪುಸ್ತಕ ಕೊಟ್ಟು ಮೂರು ವಾರವಾಯಿತು.

ಎರಡು ಸಾಲು ಓದುತ್ತೇನೆ, ಎದ್ದು ಹೋಗಿ ಅವಳ ಮೈ ಮುಟ್ಟುತ್ತೇನೆ. ತಣ್ಣಗಿರುತ್ತದೆ. ಮತ್ತೆ ಎರಡು ಸಾಲು, ಮತ್ತೆ ಏಳುತ್ತೇನೆ. ಡಾಕ್ಟರ್ ಹೇಳಿದ್ದು ನನಗೆ ಬಾಯಿಪಾಠ ಇದೆ, ಆದರೂ ಕೈ ಕೇಳುವುದಿಲ್ಲ. ಇವತ್ತಿಗೂ ಮೊದಲ ಪುಟ ದಾಟಿಲ್ಲ.

ಮುಂದೆ ಒಂದು ದಿನ ಮಗಳು ತಾನಾಗಿ ಪುಸ್ತಕ ತೆರೆದು ಕೂತರೆ, ನಾನು “ಓದವ್ವಾ” ಅನ್ನುತ್ತೇನೋ, ಮೊದಲು ಹೋಗಿ ಅವಳ ಹಣೆ ಮುಟ್ಟಿ ನೋಡುತ್ತೇನೋ?