ಚಹಾ ಬಳಿದ ಮುಖಪುಟ

ನಾನೇ ಬರೆದು, ನಾನೇ ಪ್ರಕಟಿಸಿದ ಮೊದಲ ಪುಸ್ತಕಕ್ಕೆ ಬರ್ಲಿನ್ನಿನಲ್ಲಿ ಸಿಕ್ಕ ಜಾಗ, ಅಂಗಡಿಯ ಹೊರಗಿಟ್ಟ ಹಾಳು ಪುಸ್ತಕಗಳ ಡಬ್ಬಿ. ಒಂದೊಂದರ ಅಂಚಿಗೂ ಕೆಂಪು ಮುದ್ರೆ: ‘ಮೆಂಗೆಲ್‌ಎಕ್ಸೆಂಪ್ಲಾರ್’. ಕೆಟ್ಟ ಪ್ರತಿ ಎಂದರ್ಥ. ಈ ದೇಶದಲ್ಲಿ ಹೊಸ ಪುಸ್ತಕಕ್ಕೆ ಎಲ್ಲ ಅಂಗಡಿಯಲ್ಲೂ ಒಂದೇ ಬೆಲೆ. ಈ ಮುದ್ರೆ ಬಿದ್ದರೆ ಮಾತ್ರ ಅಗ್ಗ.

ಅಂಗಡಿಯವರನ್ನು ಬಯ್ಯುವಂತಿರಲಿಲ್ಲ. ಎಲ್ಲ ನನ್ನ ಹಳೇ ಕಸುಬಿನ ಕರಾಮತ್ತು.

ವಿಜಯಪುರದವನಾದ ನಾನು ಕನ್ನಡ ಸಿನಿಮಾಗಳಿಗೆ ಕಲಾ ನಿರ್ದೇಶಕನಾಗಿದ್ದೆ. ಜೈಸಲ್ಮೇರ್ ಹತ್ತಿರ ಹಳ್ಳಿಯೊಂದರ ಸೆಟ್ ಹಾಕಿದ್ದಾಗ ಬಿರುಗಾಳಿ ಎದ್ದು, ಅರ್ಧ ಹಳ್ಳಿ ಮರಳಲ್ಲಿ ಹೂತುಹೋಯಿತು. ನಿರ್ಮಾಪಕರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಬಾಯಿ ಬಿಟ್ಟು ನೋಡುತ್ತ ನಿಂತೆ; ನಾನು ಕಟ್ಟಿದ್ದಕ್ಕಿಂತ ಅದು ಚೆಂದವಿತ್ತು. ಆಮೇಲೆ ಮತ್ತೆ ಮತ್ತೆ ಮರುಭೂಮಿಗೆ ಹೋದೆ, ಬರೆದೆ. ಊರಿನ ಪ್ರಕಾಶಕರೊಬ್ಬರು, ‘ನಮ್ಮ ಕಡೆ ಬಿಸಿಲಿಗೇನು ಬರ ಐತೇನ್ರಿ?’ ಎಂದು ನಕ್ಕು ಹಸ್ತಪ್ರತಿ ವಾಪಸ್ ಕೊಟ್ಟರು.

ಹೆಂಡತಿ ಸವಿತಾಗೆ ಇಲ್ಲಿ ಕೆಲಸ ಸಿಕ್ಕಿತೆಂದು ಬಂದೆವು. ‘ವೋನುಂಗ್’, ಅಂದರೆ ಬಾಡಿಗೆ ಮನೆ, ಹುಡುಕಿ ಹೈರಾಣಾದೆವು. ಸಿಕ್ಕ ಮನೆಯಲ್ಲಿ ಅಡುಗೆಕಟ್ಟೆಯೂ ಇರಲಿಲ್ಲ. ಹಿಂದಿನವರು ಬಿಚ್ಚಿಕೊಂಡು ಹೋಗಿದ್ದರು. ಇಲ್ಲಿ ಅದೇ ವಾಡಿಕೆಯಂತೆ. ಖಾಲಿ ಸ್ಟುಡಿಯೊ ಕಂಡಂತಾಗಿ ನನಗೇನೋ ಖುಷಿಯೇ ಆಯಿತು. ಚಳಿಗಾಲ ಬಂತು ನೋಡಿ, ಖುಷಿಯೆಲ್ಲ ಇಳಿಯಿತು. ಸಂಜೆಗೆ ಮುಂಚೆಯೇ ಕತ್ತಲು, ಮಾತಿಗೆ ಜನವಿಲ್ಲ. ನಮ್ಮೂರಲ್ಲಿ ಕಿಟಕಿ ತೆರೆದರೆ ಧೂಳು ಒಳಬರುತ್ತದೆ. ಇಲ್ಲಿ ಆ ಧೂಳಿಗೂ ಹಂಬಲಿಸಿದೆ. ಹೀಟರ್ ಪಕ್ಕ ಕೂತು ಮರಳಿನ ಬಗ್ಗೆ ಬರೆಯುತ್ತಲೇ ತಲೆ ಕೆಡದಂತೆ ನೋಡಿಕೊಂಡೆ.

ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುವವಳು ನಮ್ಮ ಮಗಳು ಮೀರಾ. ಕಾಲೇಜು ಓದುವ ಅವಳು ಒಂದು ದಿನ ತಾನಾಗಿಯೇ, ‘ಏನ್ ಬರ್ದಿ, ಓದಿ ಹೇಳು’ ಎಂದಳು. ನಾನು ಓದಿದೆ, ಅವಳು ಜರ್ಮನ್‌ಗೆ ತಂದಳು. ಒಂದೊಂದು ಪದಕ್ಕೂ ಜಗಳ. ಅಪ್ಪ ಮಗಳು ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ಎರಡೂ ಭಾಷೆ ಎದುರುಬದುರು ಪುಟಗಳಲ್ಲಿ ಅಚ್ಚಾಯಿತು.

ಪ್ರೆಸ್ಸಿನಿಂದ ಬಂದ ಪುಸ್ತಕ ಥಳಥಳ ಹೊಳೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಸೆಟ್ಟಿನಲ್ಲಿ ಹೊಸ ಕಾಗದ ಹೊಸದಾಗಿಯೇ ಕಂಡರೆ ನಮ್ಮ ಮಾನ ಹೋದಂತೆ. ಚಹಾ ಬಳಿದು, ಮಣ್ಣು ತಿಕ್ಕಿ ಹಳತು ಮಾಡುತ್ತೇವೆ. ಅಂಗಡಿಗೆ ಕೊಡಬೇಕಾದ ಪ್ರತಿಗಳಿಗೆಲ್ಲ ಯಾರಿಗೂ ಹೇಳದೆ ಅದನ್ನೇ ಮಾಡಿ ಕೊಟ್ಟುಬಂದೆ. ಅಂಗಡಿಯೊಡತಿ ಫ್ರೌ ಲೆಮ್ಕೆ, ನೆಲಮಾಳಿಗೆಯ ತೇವ ತಗಲಿದೆ ಎಂದುಕೊಂಡರು. ಪಾಪ, ಹಿಂದಿರುಗಿಸಲು ಮನಸ್ಸಾಗದೆ ಮುದ್ರೆ ಒತ್ತಿ ಡಬ್ಬಿಗೆ ಹಾಕಿದ್ದರು.

ಅದನ್ನು ಮೊದಲು ನೋಡಿದವಳು ಮೀರಾ. ಮನೆಗೆ ಬಂದು ಬಿಕ್ಕಿದಳು. ‘ಪಪ್ಪಾ, ಅದರ ಮ್ಯಾಲೆ ನನ್ನ ಹೆಸರೂ ಐತಿ.’

ಸವಿತಾ ಬಿಡಲಿಲ್ಲ. ‘ಇಲ್ಲಿ ಕ್ಯಾಮೆರಾ ಎಲ್ಲೈತ್ರಿ? ಹೊಸಾದನ್ನ ಹೊಸಾದಾಗೇ ಇರಾಕ ಬಿಡ್ರಿ.’

ಮರುದಿನ ಮನೆಯಲ್ಲಿ ಉಳಿದಿದ್ದ ಶುಭ್ರ ಪ್ರತಿಗಳನ್ನು ಹೊತ್ತು ಅಪ್ಪ ಮಗಳು ಹೋದೆವು. ಚಹಾದ ಕಥೆಯನ್ನು ನನ್ನ ಹರಕುಮುರುಕು ಜರ್ಮನ್‌ನಲ್ಲಿ ಕೇಳಿ ಫ್ರೌ ಲೆಮ್ಕೆ ಜೋರಾಗಿ ನಕ್ಕರು. ಆಮೇಲೆ ಒಂದು ಪುಟ ತೆರೆದರು, ನಿಂತಲ್ಲೇ ಓದುತ್ತ ಹೋದರು. ಮೀರಾ ನನ್ನ ತೋಳು ಹಿಡಿದುಕೊಂಡಿದ್ದಳು. ಓದು ಮುಗಿಸಿದವರೇ ಶುಭ್ರ ಪ್ರತಿಗಳನ್ನು ಬಾಗಿಲ ಬಳಿಯ ಕಪಾಟಿನಲ್ಲಿ ಜೋಡಿಸಿದರು. ಕಪಾಟಿನ ಮೇಲೆ ಕೈಬರಹದ ಒಂದು ಚೀಟಿ ಇತ್ತು.

‘ಏನಂತ ಬರ್ದಾರವ್ವಾ?’ ಎಂದೆ.

‘ನಮ್ಮ ಓಣಿಯವರು ಬರೆದದ್ದು ಅಂತ, ಪಪ್ಪಾ.’

ಆ ಮಾತನ್ನು ವಿಜಯಪುರದಲ್ಲಿ ಯಾರಾದರೂ ಆಡಿಯಾರೆಂದು ವರ್ಷಗಟ್ಟಲೆ ಕಾದಿದ್ದೆ. ಕೊನೆಗೆ ಇಲ್ಲಿ ಸಿಕ್ಕಿತು, ನನಗೆ ಸರಿಯಾಗಿ ಬಾರದ ಭಾಷೆಯಲ್ಲಿ. ಮಗಳು ಕನ್ನಡ ಮಾಡಿ ಹೇಳಬೇಕಾಯಿತು.